ಟ್ಯಾಬ್ ಬೇಡ, ಒಂದು ಲೋಡ್ ಮರಳು ಕೊಡೋಣ

ಕಾಲೇಜಿನ ಹಿಂದಿರುವ ಅಂಗನವಾಡಿಗೆ ಈ ವರ್ಷ ನಾವು ಏನಾದ್ರೂ ಮಾಡಬೇಕು ಅನ್ನೋದು ಒಳ್ಳೇ ವಿಚಾರ. ಆದ್ರೆ ಗ್ರೂಪಿನಲ್ಲಿ ಓಡ್ತಿರೋ ಪ್ಲಾನ್ ನೋಡಿ: ಸ್ಮಾರ್ಟ್ ಟಿವಿ, ಎರಡು ಟ್ಯಾಬ್, ಅಕ್ಷರ ಕಲಿಸೋ ಆ್ಯಪ್. ಎಂಜಿನಿಯರ್‌ಗಳಲ್ವಾ, ಸ್ಕ್ರೀನ್ ಇಲ್ಲದಿದ್ರೆ ಅದು ನಮಗೆ ಪ್ರಾಜೆಕ್ಟ್ ಅನ್ಸೋದೇ ಇಲ್ಲ! ಆ ದುಡ್ಡು ಮರಳಿಗೆ, ಉಯ್ಯಾಲೆಗೆ ಹೋಗಲಿ ಅಂತೀವಿ ನಾವು.

ಯಾಕಂದ್ರೆ ಮೂರು ವರ್ಷದ ಮಗುವಿನೊಳಗೆ ನಡೀತಿರೋದು ಕ್ಯಾಲಿಬ್ರೇಷನ್. ಒಳಕಿವಿಯಲ್ಲಿ ಒಂದಕ್ಕೊಂದು ಹೆಚ್ಚುಕಮ್ಮಿ ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆ ತಿರುಗ್ತಿದೆ ಅಂತ ಅವು ಹೇಳ್ತವೆ, ನಮ್ಮ ಫೋನಿನ ಗೈರೋಸ್ಕೋಪ್ ಥರಾನೇ. ಸ್ನಾಯು, ಕೀಲುಗಳಿಂದ ಇನ್ನೊಂದು ಸಿಗ್ನಲ್, ಕಣ್ಣಿಂದ ಮತ್ತೊಂದು. ಮೂರನ್ನೂ ಹೊಂದಿಸೋದನ್ನ ಮಿದುಳು ಕಲಿಯೋದು ಗಿರಗಿರ ತಿರುಗಿ, ಕುಂಟಿ, ಬಿದ್ದು, ಎದ್ದು.

1963ರಲ್ಲಿ ಹೆಲ್ಡ್ ಮತ್ತು ಹೈನ್ ಅನ್ನೋ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದ್ರು. ಕತ್ತಲಲ್ಲಿ ಬೆಳೆಸಿದ ಎರಡೆರಡು ಬೆಕ್ಕಿನ ಮರಿಗಳನ್ನ ಒಂದು ತಿರುಗಣಿಗೆ ಕಟ್ಟಿ, ದಿನಾ ಸ್ವಲ್ಪ ಹೊತ್ತು ಬೆಳಕಿನಲ್ಲಿಡ್ತಿದ್ರು. ಒಂದು ತಾನೇ ನಡೀತಿತ್ತು. ಇನ್ನೊಂದು ಬುಟ್ಟಿಯಲ್ಲಿ ಕೂತು ಅದರ ಜೊತೆ ಸುತ್ತುತ್ತಿತ್ತು. ಎರಡಕ್ಕೂ ಕಂಡಿದ್ದು ಒಂದೇ. ಕೊನೆಗೆ ನಡೆದ ಮರಿ ಆಳ ಕಂಡು ಹಿಂದೆ ಸರಿಯಿತು, ಬುಟ್ಟಿಯ ಮರಿಗೆ ಆಳ ಇದೆ ಅನ್ನೋದೇ ಗೊತ್ತಾಗಲಿಲ್ಲ. ಬೆಳಕಿನಲ್ಲಿ ಓಡಾಡೋಕೆ ಬಿಟ್ಟ ಮೇಲೆ ಅದೂ ಕಲಿತುಕೊಂಡಿತು. (ಪಾಪದ ಪ್ರಯೋಗ, ಒಪ್ಪಿದ್ವಿ.) ಟ್ಯಾಬ್ ಮುಂದೆ ಕೂತ ಮಗು ಆ ಬುಟ್ಟಿಯಲ್ಲೇ ಇದೆ ಅಂತಲ್ಲ, ಆದ್ರೆ ನಾವು ಬುಟ್ಟಿ ಯಾಕೆ ದಾನ ಮಾಡಬೇಕು?

ಪೋಷಕರಿಗೆ ಎಬಿಸಿಡಿ ಬೇಕು, ನಿಜ. ಆದ್ರೆ ದೊಡ್ಡವರ ಮಣಿಕಟ್ಟಿನಲ್ಲಿರೋ 8 ಮೂಳೆಗಳಲ್ಲಿ ಹೆಚ್ಚಿನವು ಮೂರರ ವಯಸ್ಸಿನಲ್ಲಿ ಇನ್ನೂ ಮೃದ್ವಸ್ಥಿ. ಆ ಕೈಗೆ ಕಾಪಿ ಬರೆಯೋದಕ್ಕಿಂತ ಒದ್ದೆ ಮರಳು ಹಿಸುಕೋದು, ಚಪಾತಿ ಹಿಟ್ಟು ನಾದೋದು ಒಳ್ಳೇದು. ಎಲ್‌ಕೆಜಿಯಲ್ಲೇ ಕರ್ಸಿವ್ ತಿದ್ದಿದ ನಮ್ಮ ಲ್ಯಾಬ್ ರೆಕಾರ್ಡ್ ಯಾರಿಗಾದ್ರೂ ಓದೋಕಾಗುತ್ತಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: 3-4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಸ್ಕ್ರೀನ್ ಮುಂದೆ 1 ಗಂಟೆ ಮೀರಬಾರದು.

ಅಳಗುಳಿಮಣೆಯೂ ಇರಲಿ. ಹುಣಸೆಬೀಜ ಮೂಗಿಗೆ ಹಾಕ್ಕೋತಾರೆ ಅನ್ನೋ ಭಯ ನ್ಯಾಯವೇ, ಅದನ್ನ ಟೀಚರ್ ಕಣ್ಣೆದುರು ಮಾತ್ರ ಆಡಲಿ. ಮರಳಿಗೆ ರಾತ್ರಿ ಟಾರ್ಪಾಲ್ ಮುಚ್ಚಬೇಕು, ಇಲ್ಲಾಂದ್ರೆ ನಾಯಿ, ಬೆಕ್ಕು ಗಲೀಜು ಮಾಡ್ತವೆ. ಉಯ್ಯಾಲೆ ಫ್ರೇಮ್ ಮೆಕ್ಯಾನಿಕಲ್‌ನವರು ವೆಲ್ಡ್ ಮಾಡಲಿ, ಬುನಾದಿ ಸಿವಿಲ್‌ನವರು ನೋಡ್ಕೊಳ್ಳಲಿ. ಅದಕ್ಕೂ ಮೊದಲು ಅಂಗನವಾಡಿ ಟೀಚರನ್ನ ಹೋಗಿ ಕೇಳೋಣ. ಟಿವಿ ಪ್ಲಾನ್ ಮಾಡೋವಾಗ ಅವರನ್ನ ಯಾರೂ ಕೇಳಿಲ್ಲ.