ಎತ್ತಿಗೆ ಸೋಮವಾರ, ಮನುಷ್ಯನಿಗೆ ಯಾವ ವಾರ?

ಧಾರವಾಡ ಸೀಮೆಯ ಒಕ್ಕಲುತನದಲ್ಲಿ ಒಂದು ಹಳೆಯ ಕಟ್ಟಳೆಯುಂಟು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪುತ್ತಿದ್ದರೂ, ನೆರೆಹೊಲದವನ ಕೆಲಸ ಮುಂದೆ ಸಾಗಿದ್ದರೂ ಹಿರಿಯರು ಆ ದಿನ ಗಳೆ ಹೂಡಲು ಒಪ್ಪುತ್ತಿರಲಿಲ್ಲ. ಎತ್ತು ತನಗೆ ದಣಿವಾಗಿದೆಯೆಂದು ಅರ್ಜಿ ಬರೆಯಬೇಕಾಗಿರಲಿಲ್ಲ. ಕಳೆದ ವಾರ ಎಷ್ಟು ಎಕರೆ ಉತ್ತಿದೆ ಎಂಬ ಲೆಕ್ಕವನ್ನೂ ಒಪ್ಪಿಸಬೇಕಾಗಿರಲಿಲ್ಲ. ವಾರ ಬಂದರೆ ವಿಶ್ರಾಂತಿಯೂ ಬಂದಂತೆ.

ಇಂದು ಕೆಲಗೇರಿಯಂಥ ಊರು ಮಹಾನಗರದ ಒಂದು ಭಾಗ. ಎತ್ತುಗಳು ಕಡಿಮೆಯಾಗಿವೆ, ಹೊಲಗಳು ಬಡಾವಣೆಗಳಾಗಿವೆ. ಆದರೆ ನೊಗ ಮಾಯವಾಗಿಲ್ಲ. ಅದೇ ಓಣಿಗಳ ಮಕ್ಕಳು ಬೇಲೂರು ಕೈಗಾರಿಕಾ ಪ್ರದೇಶದ ಪಾಳಿಗಳಲ್ಲಿ, ಹುಬ್ಬಳ್ಳಿಯ ಅಂಗಡಿ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಕೆಲವರು ಮನೆಯ ಕೋಣೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗಳಿಗೆ ದುಡಿಯುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ. ಬಲಿಪೂಜೆಯ ನಡುವೆ ಮೊಬೈಲ್ ಸದ್ದು ಮಾಡುತ್ತದೆ. ಎದ್ದು ಹೊರಗೆ ಹೋದ ಯುವಕ ಪರಮಪ್ರಸಾದದ ವೇಳೆಗೂ ಮರಳುವುದಿಲ್ಲ. ಹಿರಿಯರು ಅವನನ್ನು ಭಕ್ತಿಯಿಲ್ಲದವನೆಂದು ಜರೆಯುತ್ತಾರೆ. ಪ್ರಿಯ ಓದುಗರೇ, ಜರೆಯಬೇಕಾದದ್ದು ಅವನನ್ನಲ್ಲ, ಆ ಹೊತ್ತಿಗೆ ಅವನಿಗೆ ಕರೆ ಮಾಡಿದವನನ್ನು.

ಈ ವಿಷಯಕ್ಕೆ ಪತ್ರಿಕೆಗಳು ಇಟ್ಟಿರುವ ಹೆಸರು ‘ಕೆಲಸ ಮತ್ತು ಜೀವನದ ಸಮತೋಲನ’. ಈ ಮಾತೇ ನನಗೆ ಒಗ್ಗುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದರಲ್ಲಿ ಜೀವನ ಎಂದರೆ ಕೆಲಸವು ಜೀವನದ ಹೊರಗಿನದು ಎಂದಾಯಿತು. ಮೂವತ್ತು ವರ್ಷದವರೆಗೆ ನಜರೇತಿನ ಮನೆಯಲ್ಲಿದ್ದು ಬಡಗಿಯ ಕಸುಬು ಮಾಡಿದ ಪ್ರಭು ಯೇಸುವಿನ ಶಿಷ್ಯರು ಹಾಗೆ ಹೇಳಲಾರರು. ದುಡಿಮೆ ಶಾಪವಲ್ಲ. ಪೋಪ್ ಎರಡನೇ ಜಾನ್ ಪೌಲ್ 1981ರ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ ಕೆಲಸವಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲ ಎಂಬುದನ್ನು ವಿವರವಾಗಿ ಬೋಧಿಸಿದರು. ಆದ್ದರಿಂದ ಇಲ್ಲಿರುವ ಪ್ರಶ್ನೆ ತಕ್ಕಡಿಯದಲ್ಲ, ಒಡೆತನದ್ದು. ಸಂಬಳ ಕೊಡುವವನು ಕೊಂಡದ್ದು ನಿಮ್ಮ ಎಂಟು ಗಂಟೆಗಳ ದುಡಿಮೆಯನ್ನೋ, ನಿಮ್ಮನ್ನೋ?

ದೊಡ್ಡವರ ಉತ್ತರ ನಮಗೆ ತಿಳಿದೇ ಇದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಶ್ರೀ ನಾರಾಯಣ ಮೂರ್ತಿಯವರು, ಅಂದರೆ ನಮ್ಮ ಹುಬ್ಬಳ್ಳಿಯ ಅಳಿಯಂದಿರು, ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರಾದ ಶ್ರೀ ಎಸ್. ಎನ್. ಸುಬ್ರಹ್ಮಣ್ಯನ್ ಅವರು 90 ಗಂಟೆಯ ಮಾತಾಡಿದ ಸುದ್ದಿ ಬಂತು. ಭಾನುವಾರವೂ ನೌಕರರಿಂದ ಕೆಲಸ ಮಾಡಿಸಲು ಆಗುತ್ತಿಲ್ಲವೆಂಬುದು ಅವರ ಕೊರಗು. ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬುದು ಅವರ ಪ್ರಶ್ನೆ. ಲೆಕ್ಕ ಹಾಕಿ ನೋಡಿರಿ. ವಾರದ ಆರು ದಿನಗಳಿಗೆ 90 ಗಂಟೆಯೆಂದರೆ ದಿನಕ್ಕೆ 15 ಗಂಟೆ. ಉಳಿದ ಒಂಬತ್ತರಲ್ಲಿ ನಿದ್ರೆ, ಸ್ನಾನ, ಊಟ, ಬಸ್ಸಿನ ಪ್ರಯಾಣ. ಮಗುವಿಗೆ ಎಷ್ಟು ನಿಮಿಷ, ಹಾಸಿಗೆ ಹಿಡಿದ ತಾಯಿಗೆ ಎಷ್ಟು, ಜಪಸರಕ್ಕೆ ಎಷ್ಟು? ಮದುವೆಯನ್ನು ಪವಿತ್ರ ಸಂಸ್ಕಾರವೆಂದು ನಂಬುವ ನಮಗೆ ಹೆಂಡತಿಯ ಮುಖ ನೋಡುವುದು ವ್ಯರ್ಥ ಕಾಲಹರಣವೆಂಬ ಮಾತು ತಮಾಷೆಯಾಗಿ ಕೇಳಿಸಬಾರದು.

ದೇಶ ಬಡದಾಗಿದೆ, ದುಡಿಯದೆ ಏಳಿಗೆಯಿಲ್ಲ ಎಂಬುದು ಇವರ ವಾದದ ತಿರುಳು. ಸರಿ. ಆದರೆ ನಮ್ಮೂರಿನ ಖಾನಾವಳಿಯಲ್ಲಿ ನಸುಕಿಗೆ ಒಲೆ ಹೊತ್ತಿಸಿ ನಡುರಾತ್ರಿ ಪಾತ್ರೆ ತೊಳೆಯುವ ಹುಡುಗ, ಬಡಾವಣೆಯ ಗೇಟಿನಲ್ಲಿ ಹನ್ನೆರಡು ಗಂಟೆಯ ಪಾಳಿ ಕಾಯುವ ಕಾವಲುಗಾರ, ನಾಲ್ಕು ಮನೆಗಳ ಕಸಮುಸುರೆ ಮುಗಿಸಿ ತನ್ನ ಮನೆಯ ಒಲೆಯ ಮುಂದೆ ಕೂರುವ ತಾಯಿ, ಇವರೆಲ್ಲ ಯಾರ ಉಪದೇಶಕ್ಕೂ ಕಾಯದೆ ವಾರಕ್ಕೆ 70 ಗಂಟೆಗಿಂತ ಹೆಚ್ಚು ದುಡಿಯುತ್ತಲೇ ಬಂದಿದ್ದಾರೆ. ಗಂಟೆಗಳಿಂದಲೇ ಸಿರಿ ಬರುವುದಾಗಿದ್ದರೆ ಈ ನಾಡಿನ ಶ್ರೀಮಂತರು ಅವರೇ ಆಗಿರಬೇಕಾಗಿತ್ತು.

ದಣಿದವನನ್ನು ಸೋಮಾರಿಯೆಂದು ಹಳಿಯುವ ವಿದ್ಯೆ ಹೊಸದೇನಲ್ಲ. ವಿಮೋಚನಾಕಾಂಡದ ಐದನೆಯ ಅಧ್ಯಾಯವನ್ನು ಮನೆಯಲ್ಲಿ ಒಟ್ಟಾಗಿ ಕುಳಿತು ಓದಿರಿ. ಮೋಶೆ ಮತ್ತು ಆರೋನರು ಫರೋಹನ ಮುಂದೆ ನಿಂತು ಮೊದಲು ಕೇಳಿದ್ದೇನು? ದೇವರ ಆರಾಧನೆಗಾಗಿ ಮೂರು ದಿನಗಳ ಪ್ರಯಾಣಕ್ಕೆ ಬಿಡುವು. ಅದೊಂದು ರಜೆಯ ಅರ್ಜಿಯೇ ಸರಿ! ಜನರು ಮೈಗಳ್ಳರಾಗಿದ್ದಾರೆ, ಅದಕ್ಕೇ ದೇವರ ನೆಪ ಹೇಳುತ್ತಾರೆ ಎಂಬುದು ಫರೋಹನ ಉತ್ತರ. ಅಷ್ಟಕ್ಕೇ ನಿಲ್ಲದೆ ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದನ್ನು ನಿಲ್ಲಿಸಿದ. ದಿನದ ಇಟ್ಟಿಗೆಗಳ ಲೆಕ್ಕದಲ್ಲಿ ಮಾತ್ರ ಒಂದೂ ಕಡಿಮೆಯಾಗಕೂಡದೆಂದ. ನೌಕರರ ಸಂಖ್ಯೆಯನ್ನು ಅರ್ಧಕ್ಕಿಳಿಸಿ ತಿಂಗಳ ಗುರಿಯನ್ನು ಹಾಗೆಯೇ ಉಳಿಸಿಕೊಳ್ಳುವ ಇಂದಿನ ಕಚೇರಿಗಳಿಗೆ ಗುರು ಯಾರೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಇಟ್ಟಿಗೆಯ ಗುಲಾಮರಿಗೇ ದೇವರು ಮುಂದೆ ಸಬ್ಬತ್ತಿನ ಕಟ್ಟಳೆಯನ್ನು ಕೊಟ್ಟರು. ಧರ್ಮೋಪದೇಶಕಾಂಡದಲ್ಲಿ ವಿಶ್ರಾಂತಿ ಪಡೆಯಬೇಕಾದವರ ಪಟ್ಟಿಯೇ ಇದೆ: ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿ ತಂಗಿದ ಪರದೇಶಿ. ನಮ್ಮ ರೈತರ ಸೋಮವಾರದ ಎತ್ತು ಅಲ್ಲಿಯೂ ಇದೆ! ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲವೆಂದು ಯಾರೂ ಹಿಗ್ಗಬೇಕಾಗಿಲ್ಲ. ‘ನೀನು’ ಎಂಬ ಮೊದಲ ಮಾತಿನಲ್ಲೇ ಗಂಡ ಹೆಂಡಿರಿಬ್ಬರೂ ಸೇರಿದ್ದಾರೆ. ಕಾರಣವನ್ನೂ ಅಲ್ಲೇ ಹೇಳಿದೆ: ಒಂದು ಕಾಲದಲ್ಲಿ ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದುದನ್ನು ನೆನೆಯಿರಿ ಎಂದು. ಅಂದರೆ ವಿಶ್ರಾಂತಿ ಯಜಮಾನನ ಔದಾರ್ಯವಲ್ಲ. ಅದು ಗುಲಾಮಗಿರಿ ಮುಗಿದುದರ ಗುರುತು.

ನಮ್ಮ ನೆಲದಲ್ಲಿ ಈ ಗುರುತು ಸುಲಭವಾಗಿ ಸಿಕ್ಕಿದ್ದಲ್ಲ. ಧಾರವಾಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಇರಲಿಲ್ಲ. ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು ಕಾರ್ಮಿಕರನ್ನು ಒಗ್ಗೂಡಿಸಿ, ವರ್ಷಗಟ್ಟಲೆ ಮನವಿ ಸಭೆಗಳನ್ನು ನಡೆಸಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಗಮನಿಸಿರಿ, ಭಾನುವಾರವನ್ನು ಕಾರ್ಮಿಕರಿಗೆ ಗೆದ್ದುಕೊಟ್ಟವರು ಕ್ರೈಸ್ತರಲ್ಲ. ಅದಾದ ಹನ್ನೊಂದು ತಿಂಗಳಿಗೆ, 1891ರ ಮೇ 15ರಂದು, ರೋಮಿನಲ್ಲಿ ಪೋಪ್ ಹದಿಮೂರನೇ ಲಿಯೋ ‘ರೇರುಮ್ ನೊವಾರುಮ್’ ಪರಿಪತ್ರವನ್ನು ಹೊರಡಿಸಿ, ದುಡಿಮೆಯ ಹೊತ್ತು ದೇಹಶಕ್ತಿಯನ್ನು ಮೀರಬಾರದು, ದೇವರ ದಿನದ ವಿಶ್ರಾಂತಿ ಕಾರ್ಮಿಕನ ಹಕ್ಕು ಎಂದು ಸಾರಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಈ ಹೆಸರನ್ನು ಆರಿಸಿಕೊಳ್ಳಲು ಆ ಪರಿಪತ್ರವೂ ಒಂದು ಮುಖ್ಯ ಕಾರಣ.

ನೂರ ಮೂವತ್ತು ವರ್ಷಗಳ ತರುವಾಯ ನಾವು ಮುಂದಕ್ಕೆ ಹೋಗುತ್ತಿದ್ದೇವೆಯೋ ಹಿಂದಕ್ಕೋ? 2023ರಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. 2024ರ ಜುಲೈಯಲ್ಲಿ ಐಟಿ ನೌಕರರ ದುಡಿಮೆಯನ್ನು ಹೆಚ್ಚುವರಿ ಅವಧಿಯೂ ಸೇರಿ ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾವದ ಸುದ್ದಿ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ನಮ್ಮದೇ ಜಿಲ್ಲೆಯ ಕಲಘಟಗಿ ಕ್ಷೇತ್ರದವರಾದ ಕಾರ್ಮಿಕ ಸಚಿವ ಶ್ರೀ ಸಂತೋಷ್ ಲಾಡ್ ಅವರು ಇದಕ್ಕೆ ಉದ್ಯಮದವರ ಒತ್ತಡವಿದೆಯೆಂದು ಬಹಿರಂಗವಾಗಿಯೇ ಹೇಳಿದರು. 2025ರಲ್ಲಿ ದಿನದ ದುಡಿಮೆಯನ್ನು 10 ಗಂಟೆಗೆ ಏರಿಸುವ ಮಾತು ಮತ್ತೆ ಎದ್ದಿತು. ಅದೇ ವರ್ಷದ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಎಂಬ ಗೆರೆ ಇದೆ. ಗೆರೆ ಕಾಗದದ ಮೇಲಿದೆ. ‘ಮ್ಯಾನೇಜರ್’ ಎಂಬ ಬಿರುದನ್ನು ಅಂಟಿಸಿದರೆ ನಿನ್ನೆ ಕಾಲೇಜು ಬಿಟ್ಟ ಹುಡುಗಿಯೂ ಆ ಗೆರೆಯಿಂದ ಹೊರಗೆ ನಿಲ್ಲಬೇಕಾಗುತ್ತದೆ.

‘ಅವರೇ ಒಪ್ಪಿ ಮಾಡುತ್ತಿದ್ದಾರಲ್ಲ ಫಾದರ್’ ಎನ್ನುವವರುಂಟು. ಹದಿಮೂರನೇ ಲಿಯೋ ಇದಕ್ಕೂ ಉತ್ತರಿಸಿದ್ದಾರೆ. ತನ್ನ ಆತ್ಮಗೌರವವನ್ನು ಮಾರಿಕೊಳ್ಳುವ ಅಧಿಕಾರ ಮನುಷ್ಯನಿಗೇ ಇಲ್ಲವಾದ್ದರಿಂದ ಅಂಥ ಒಪ್ಪಿಗೆಗೆ ಬೆಲೆಯಿಲ್ಲ. ಮನೆಯ ಸಾಲ, ತಂಗಿಯ ಮದುವೆ, ಕೆಲಸ ಹೋದೀತೆಂಬ ಭಯ, ಇವುಗಳ ನಡುವೆ ನಿಂತವನು ಹಾಕಿದ ಸಹಿಯನ್ನು ಒಪ್ಪಿಗೆಯೆನ್ನುವುದಾದರೂ ಹೇಗೆ? 2024ರ ಜುಲೈಯಲ್ಲಿ ಪುಣೆಯ ಹೆಸರಾಂತ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಸೇರಿದ ನಾಲ್ಕೇ ತಿಂಗಳಲ್ಲಿ ಕೊಚ್ಚಿಯ 26 ವರ್ಷದ ಮಗಳೊಬ್ಬಳು ತೀರಿಕೊಂಡಳು. ಕೆಲಸದ ಹೊರೆಯೇ ಮಗಳನ್ನು ಬಲಿ ತೆಗೆದುಕೊಂಡಿತೆಂದು ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಪತ್ರ ಬರೆದರು. ಅಂತ್ಯಕ್ರಿಯೆಗೆ ಕಚೇರಿಯಿಂದ ಒಬ್ಬರೂ ಬರಲಿಲ್ಲವೆಂದೂ ಅದರಲ್ಲಿತ್ತು. ಸಂಸ್ಥೆ ಆ ಆರೋಪವನ್ನು ಒಪ್ಪಲಿಲ್ಲ. ಒಬ್ಬಳ ಸಾವಿನ ಕಾರಣವನ್ನು ದೂರದಲ್ಲಿ ಕುಳಿತು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ವಾರಕ್ಕೆ 55 ಗಂಟೆ ಮೀರಿ ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟೂ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದವು. 2016ನೇ ಒಂದೇ ವರ್ಷದಲ್ಲಿ ಇಂಥ ದುಡಿಮೆಯ ಲೆಕ್ಕಕ್ಕೆ ಸೇರಿದ ಸಾವುಗಳು 7 ಲಕ್ಷ 45 ಸಾವಿರ.

ಮಾಲೀಕರನ್ನು ಒಪ್ಪಿಸಲು ಕೆಲವರು ಬೇರೆ ದಾರಿ ಹಿಡಿಯುತ್ತಾರೆ: ವಿಶ್ರಾಂತಿ ಕೊಟ್ಟರೆ ನೌಕರ ಹೆಚ್ಚು ಕೆಲಸ ಮಾಡುತ್ತಾನೆ, ತಪ್ಪುಗಳು ಕಡಿಮೆಯಾಗುತ್ತವೆ, ಕೆಲಸ ಬಿಟ್ಟು ಹೋಗುವುದಿಲ್ಲ ಎಂದು. ಇದು ನಿಜವೇ. ಹದಿನಾಲ್ಕನೆಯ ಗಂಟೆಯಲ್ಲಿ ಬರೆದ ಲೆಕ್ಕವನ್ನು ಮರುದಿನ ಬೆಳಿಗ್ಗೆ ತಿದ್ದಲು ಎರಡು ಗಂಟೆ ಬೇಕೆಂಬುದು ಅಂಗಡಿಯ ಗುಮಾಸ್ತನಿಗೂ ಗೊತ್ತು. ಆದರೂ ಈ ವಾದವನ್ನೇ ನಂಬಿ ಕೂರಬೇಡಿರಿ. ಲಾಭಕ್ಕಾಗಿ ಕೊಟ್ಟ ವಿಶ್ರಾಂತಿಯನ್ನು ಲಾಭಕ್ಕಾಗಿಯೇ ಕಿತ್ತುಕೊಳ್ಳಬಹುದು.

ಕಾಯಕದ ನಾಡು ನಮ್ಮದು, ಇಲ್ಲಿ ದುಡಿಮೆಗೆ ಮಿತಿ ಹೇಳುವುದೇ ಎಂದು ಶರಣರ ಹೆಸರನ್ನು ಮುಂದಿಡುವವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಲ್ಲವೇ? ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಆ ತಾಯಿ ಗಂಡನನ್ನು ಹೊಗಳಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳುಹಿಸಿದಳು. ‘ಸಾಕು’ ಎಂಬ ಮಾತನ್ನು ಮರೆತ ಕಾಯಕ ಶರಣರದಲ್ಲ.

ಇಷ್ಟು ಹೊತ್ತು ಹೊರಗಿನವರನ್ನು ಕುರಿತು ಬರೆದೆ. ಈಗ ನಮ್ಮ ಅಂಗಳಕ್ಕೆ ಬರೋಣ. ಮಗ ರಾತ್ರಿ ಎರಡರವರೆಗೆ ಕೆಲಸ ಮಾಡುತ್ತಾನೆಂದು ನೆಂಟರ ಮುಂದೆ ಹೆಮ್ಮೆಪಡುವ ತಂದೆತಾಯಿಗಳೇ, ಅವನ ಸಂಬಳದ ಅಂಕಿ ಕೇಳುವ ನೀವು ಅವನ ಊಟದ ಹೊತ್ತನ್ನು ಕೇಳಿದ್ದೀರಾ? ಅಂಗಡಿ, ಬೇಕರಿ, ಗ್ಯಾರೇಜು ಇಟ್ಟುಕೊಂಡಿರುವ ಬಂಧುಗಳೇ, ನೀವು ಭಾನುವಾರ ಎಂಟರ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿರುವಾಗ ನಿಮ್ಮ ಅಂಗಡಿಯ ಬಾಗಿಲು ತೆರೆದು ಕಸ ಗುಡಿಸುತ್ತಿರುವವರು ಯಾರು? ಆ ಹುಡುಗನಿಗೆ ವಾರದ ಯಾವ ದಿನ ಬಿಡುವು? ಭಾನುವಾರವೇ ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ದಾದಿಯರು, ಬಸ್ಸಿನ ಚಾಲಕರು ಭಾನುವಾರವೂ ದುಡಿಯಬೇಕಾಗುತ್ತದೆ. ಸಬ್ಬತ್ ದಿನದಂದೇ ರೋಗಿಗಳನ್ನು ಗುಣಪಡಿಸಿದ ಪ್ರಭುವಿಗೆ ಇದು ತಿಳಿಯದ್ದಲ್ಲ. ಅವನ ಧರ್ಮ ಯಾವುದೇ ಇರಲಿ, ಒಂದು ಪೂರ್ತಿ ದಿನ ಅವನದಾಗಿರಲಿ, ಅದಕ್ಕೆ ಸಂಬಳ ಕತ್ತರಿಸದಿರಲಿ.

ಗಂಡಸರಿಗೂ ಒಂದು ಮಾತು. ಪೂಜೆ ಮುಗಿಸಿ ಮನೆಗೆ ಬಂದು ನೀವು ಪತ್ರಿಕೆ ಹಿಡಿದು ಕುಳಿತಾಗ ಅಡುಗೆಮನೆಯಲ್ಲಿ ಮಸಾಲೆ ರುಬ್ಬುವ ಸದ್ದು ಆರಂಭವಾಗುತ್ತದೆ. ವಾರದ ಆರು ದಿನ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಬಂದವಳಿಗೆ ಭಾನುವಾರವೇ ಹೆಚ್ಚು ಕೆಲಸ. ನೀವು ಫರೋಹರಲ್ಲ, ನಿಜ. ಆದರೆ ಹುಲ್ಲನ್ನು ಯಾರು ತರುತ್ತಿದ್ದಾರೆ, ಇಟ್ಟಿಗೆಯನ್ನು ಯಾರು ಎಣಿಸುತ್ತಿದ್ದಾರೆ?

ಕೊನೆಗೆ ಧರ್ಮಸಭೆಯ ಸಂಸ್ಥೆಗಳು. ನಮ್ಮ ಶಾಲೆಗಳಿವೆ, ಆಸ್ಪತ್ರೆಗಳಿವೆ, ವಸತಿನಿಲಯಗಳಿವೆ. ಸೇವೆ ಎಂಬ ಪವಿತ್ರವಾದ ಮಾತು ಇಲ್ಲಿ ಅಪಾಯಕಾರಿಯೂ ಹೌದು. ಕಂಪನಿಯವನು ಗುರಿಯ ಹೆಸರಿನಲ್ಲಿ ಕೇಳುವ ಹೆಚ್ಚಿನ ಗಂಟೆಗಳನ್ನು ನಾವು ಸೇವೆಯ ಹೆಸರಿನಲ್ಲಿ ಕೇಳಿದರೆ ವ್ಯತ್ಯಾಸವೇನು? ಭಾನುವಾರದ ಶಾಲಾ ಸಮಾರಂಭಕ್ಕೆ ಕರೆಸಿದ ಶಿಕ್ಷಕಿಗೆ ಬದಲಿ ರಜೆ ಸಿಗಬೇಕು. ಎರಡು ಪಾಳಿ ಒಟ್ಟಿಗೆ ನಿಂತ ದಾದಿಗೆ ಹೆಚ್ಚುವರಿ ಸಂಬಳ ಸಿಗಬೇಕು. ಇದನ್ನು ಧನ್ಯವಾದದ ಹೂಗುಚ್ಛದಿಂದ ಮುಗಿಸಬಾರದು.

ಮುಂದಿನ ಪಾಲನಾ ಸಮಿತಿಯ ಸಭೆಗೆ ಒಂದು ಹಾಳೆ ತೆಗೆದುಕೊಂಡು ಹೋಗಿರಿ. ಧರ್ಮಕೇಂದ್ರಕ್ಕಾಗಿ ಮತ್ತು ಅದರ ಸಂಸ್ಥೆಗಳಿಗಾಗಿ ದುಡಿಯುವ ಪ್ರತಿಯೊಬ್ಬರ ಹೆಸರು, ದಿನದ ಗಂಟೆಗಳು, ವಾರದ ರಜೆ, ಕಳೆದ ಬಾರಿ ರಜೆ ಪಡೆದ ತಾರೀಖು, ಇಷ್ಟನ್ನು ಬರೆಯಿರಿ. ಗುರುಮನೆಯ ಅಡುಗೆಯವಳನ್ನು, ರಾತ್ರಿಯ ಕಾವಲುಗಾರನನ್ನು ಬಿಡಬೇಡಿರಿ. ದೇವಾಲಯದ ಗಂಟೆ ಬಾರಿಸುವವನಿಂದಲೇ ಆರಂಭಿಸಬಹುದು. ಭಾನುವಾರ ನಮಗೆಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವವನೂ ಎಲ್ಲರೂ ಹೋದ ಮೇಲೆ ಬೀಗ ಹಾಕುವವನೂ ಅವನೇ. ಅವನ ಹೆಸರಿನ ಮುಂದಿನ ರಜೆಯ ಕಾಲಂನಲ್ಲಿ ಯಾವ ವಾರವನ್ನು ಬರೆಯುತ್ತೀರಿ?