‘ಓನ್ಲಿ’ ಎಲ್ಲಿ ಕೂಡಬೇಕು?
ರೋಣ ತಾಲೂಕಿನ ಅಸೂಟಿಯಲ್ಲಿ ಕನ್ನಡದಲ್ಲೇ ಕಲಿತ ಹುಡುಗನಿಗೆ ಇಂಗ್ಲಿಷಿನ ‘ಓನ್ಲಿ’ ಬಲು ಕೀಟಲೆಯ ಪದ. ‘ಓನ್ಲಿ ಐ ಏಟ್ ರೊಟ್ಟಿ’ ಎಂದರೆ ಉಳಿದವರ್‍ಯಾರೂ ರೊಟ್ಟಿ ತಿನ್ನಲಿಲ್ಲ. ‘ಐ ಏಟ್ ಓನ್ಲಿ ರೊಟ್ಟಿ’ ಎಂದರೆ ಝುಣಕ ಮುಟ್ಟಲಿಲ್ಲ. ಪದ ಅದೇ, ಕೂತ ಜಾಗ ಬೇರೆ. ನಮ್ಮಲ್ಲಿ ಈ ಕೆಲಸಕ್ಕೆ ‘ಏ’ ಸೇರಿದ ‘ಒಬ್ಬನೇ’, ‘ಅಷ್ಟೇ’ ಸಾಕು: ‘ನಾನೊಬ್ಬನೇ ತಿಂದೆ’, ‘ರೊಟ್ಟಿಯನ್ನಷ್ಟೇ ತಿಂದೆ’. ಅವು ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ಪದಗಳು ಹಿಂದುಮುಂದಾದರೂ ಅರ್ಥ ಕೆಡದು. ಆದರೆ ವಿಶೇಷಣಕ್ಕೆ ಬಂದರೆ ಕನ್ನಡವೂ ಎಡವುತ್ತದೆ. ‘ಹಳೆಯ ಶಾಲೆಯ ವಿದ್ಯಾರ್ಥಿಗಳ ಸಭೆ’ ಎಂದು ಬ್ಯಾನರ್ ಕಟ್ಟಿದರೆ ಹಳೆಯದು ಶಾಲೆಯೋ, ವಿದ್ಯಾರ್ಥಿಗಳೋ? ‘ಶಾಲೆಯ ಹಳೆಯ ವಿದ್ಯಾರ್ಥಿಗಳು’ ಎಂದರೆ ಗೊಂದಲವಿಲ್ಲ. ಭಾಷೆ ಯಾವುದೇ ಇರಲಿ, ವಿಶೇಷಣವನ್ನು ಅದರ ನಾಮಪದದ ಮಗ್ಗುಲಲ್ಲೇ ಕೂಡಿಸಿ.