ಅರ್ಧ ಇಂಚು ಗಡ್ಡ ಮತ್ತು ಸೆನೆಟರ್ ಹ್ಯಾಚ್

ಅಮೆರಿಕದ ರಿಪಬ್ಲಿಕನ್ ರಾಜಕಾರಣಿ ಅಂದ ಕೂಡಲೇ ನಮ್ಮಲ್ಲಿ ಹಲವರು 'ಅವರೆಲ್ಲ ಒಂದೇ' ಅಂದುಬಿಡುತ್ತಾರೆ. ಯೂಟಾ ರಾಜ್ಯದ ಓರಿನ್ ಹ್ಯಾಚ್ ಅವರ ಲೆಕ್ಕ ಅಷ್ಟು ಸಲೀಸಲ್ಲ. 1977ರಿಂದ 2019ರವರೆಗೆ ಸೆನೆಟರ್ ಆಗಿದ್ದ ಅವರು ಗಟ್ಟಿ ಸಂಪ್ರದಾಯವಾದಿ. 2002ರಲ್ಲಿ ಇರಾಕ್ ಯುದ್ಧದ ಪರ ಮತ ಹಾಕಿದವರು. ಅದನ್ನು ನಾವು ಮರೆಯಬೇಕಿಲ್ಲ.

ಆದರೆ ಇದೇ ಹ್ಯಾಚ್ 2000ದಲ್ಲಿ ಎದುರು ಪಕ್ಷದ ಎಡ್ವರ್ಡ್ ಕೆನಡಿ ಜೊತೆ ಸೇರಿ, ಪ್ರಾರ್ಥನಾಲಯ ಕಟ್ಟುವವರ ಮತ್ತು ಕೈದಿಗಳ ಧಾರ್ಮಿಕ ಹಕ್ಕು ಕಾಯುವ ಕಾನೂನು ತಂದರು. ಮಸೀದಿಗೆ ಪರವಾನಿಗೆ ಕೊಡದ ಊರುಗಳ ವಿರುದ್ಧ ಅದು ಕೆಲಸಕ್ಕೆ ಬಂತು. 2015ರಲ್ಲಿ ಅರ್ಕಾನ್ಸಾ ಜೈಲಿನ ಮುಸ್ಲಿಂ ಕೈದಿಯೊಬ್ಬ ಅರ್ಧ ಇಂಚು ಗಡ್ಡ ಬಿಡುವ ಹಕ್ಕನ್ನು ಗೆದ್ದದ್ದೂ ಅದರಿಂದಲೇ. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು.

ಹ್ಯಾಚ್ ಮಾರ್ಮನ್ ಪಂಥದವರು. 19ನೇ ಶತಮಾನದಲ್ಲಿ ಮಿಸೌರಿಯಿಂದ ಓಡಿಸಲ್ಪಟ್ಟ ಸಮುದಾಯವದು. ತನ್ನವರ ನೋವು ಗೊತ್ತಿದ್ದವರು ಎಲ್ಲರಿಗೂ ಅನ್ವಯಿಸುವ ಕಾನೂನು ಬರೆದರು, ನೋಡಿ.

ನಾಯಕರ ಮುಲಾಜು ಚುನಾವಣೆವರೆಗೆ ಮಾತ್ರ. ಹ್ಯಾಚ್ 2022ರಲ್ಲಿ ತೀರಿಕೊಂಡರು, ಕಾನೂನು ಇನ್ನೂ ಇದೆ. ಆದ್ದರಿಂದ ನಾವು ವೋಟು ಕೇಳಲು ಬರುವವರ ಹತ್ತಿರ ಇಫ್ತಾರ್ ಕೂಟ ಕೇಳುವುದು ಬೇಡ. ಎಲ್ಲರಿಗೂ ಅನ್ವಯಿಸುವ ಯಾವ ಕಾನೂನಿಗೆ ಕೈಯೆತ್ತಿದಿರಿ ಅಂತ ಕೇಳೋಣ.